ಬೆಟ್ಟದ ಮೇಲೆ ಗಿಡ ನೆಡುವ ಮೊದಲು ಹಳ್ಳದ ಗುಂಟ ನಡೆಯಿರಿ

ಪ್ರಶ್ನೆ: ನಮ್ಮದು ಚಿತ್ರದುರ್ಗ ನಗರದ ಅಂಚಿನಲ್ಲಿ, ಜೋಗಿಮಟ್ಟಿ ಬೆಟ್ಟಸಾಲಿನ ಕಡೆಗೆ ಬೆಳೆದಿರುವ ಹೊಸ ಬಡಾವಣೆ. ಬೆಟ್ಟದ ಕಡೆಯಿಂದ ಇಳಿಯುವ ಹಳ್ಳವೊಂದು ನಮ್ಮ ಮನೆಗಳ ಹಿಂದೆ ಹಾದು ಕೆಳಗಿನ ಕೆರೆಗೆ ಸೇರುತ್ತದೆ. ಮೊದಲು ಹಳ್ಳದ ಎರಡೂ ದಡದಲ್ಲಿ ಹೊಂಗೆ, ಬೇವು, ಈಚಲು ದಟ್ಟವಾಗಿದ್ದವು. ರಸ್ತೆಗೆಂದು, ಸೈಟಿಗೆಂದು ಒಂದೊಂದಾಗಿ ಹೋದವು. ಈಗ ಜೋರು ಮಳೆ ಬಂದರೆ ಕೆಳಗಿನ ಬೀದಿಯ ಮನೆಗಳಿಗೆ ನೀರು ನುಗ್ಗುತ್ತದೆ, ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತುತ್ತದೆ. ಬಡಾವಣೆಯ ಯುವಕರು ಸೇರಿ ಬೆಟ್ಟದ ಮೇಲೆ ಗಿಡ ನೆಡಬೇಕೆಂದಿದ್ದೇವೆ. ದಾನಿಯೊಬ್ಬರು ಐನೂರು ಸಸಿ ಕೊಡಲು ಒಪ್ಪಿದ್ದಾರೆ. ಆದರೆ ಯಾರನ್ನು ಕೇಳಿದರೂ ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ. ಅರಣ್ಯ ಇಲಾಖೆ, ನಗರಸಭೆ, ಕೆರೆ ಕೆಳಗಿನ ರೈತರು, ಕುರಿ ಮೇಯಿಸುವವರು ಇವರನ್ನೆಲ್ಲ ಒಟ್ಟಿಗೆ ತರುವುದು ಸಾಧ್ಯವೇ? ಎಲ್ಲಿಂದ ಆರಂಭಿಸಬೇಕು?

ಉತ್ತರ: ಮೊದಲಿಗೇ ಹೇಳಿಬಿಡುತ್ತೇನೆ, ಆ ಐನೂರು ಸಸಿಗಳನ್ನು ಈ ಮಳೆಗಾಲದಲ್ಲಿ ಬೆಟ್ಟದ ಮೇಲೆ ನೆಡಬೇಡಿ. ನಿಮ್ಮ ಉತ್ಸಾಹಕ್ಕೆ ತಣ್ಣೀರೆರಚಲು ಇದನ್ನು ಹೇಳುತ್ತಿಲ್ಲ. ನಿಮ್ಮ ಪತ್ರದಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದಾಗಿ ಕಂಡ ವಾಕ್ಯ ದಾನಿಯ ಕುರಿತದ್ದಲ್ಲ, ಹಳ್ಳದ ಕುರಿತದ್ದು. ಬೆಟ್ಟ, ಹಳ್ಳ, ಬಡಾವಣೆ, ಕೆರೆ ನಾಲ್ಕನ್ನೂ ನೀವು ಒಂದೇ ಉಸಿರಿನಲ್ಲಿ ಹೇಳಿದ್ದೀರಿ. ಇಲಾಖೆಗಳು ಈ ನಾಲ್ಕನ್ನು ನಾಲ್ಕು ಕಡತಗಳಲ್ಲಿಟ್ಟು ನೋಡುತ್ತವೆ. ನೀರು ಮಾತ್ರ ನಿಮ್ಮ ಹಾಗೆಯೇ ನೋಡುತ್ತದೆ. ಒಂದು ಹನಿ ಎಲ್ಲಿ ಬಿದ್ದರೆ ನಿಮ್ಮ ಹಳ್ಳಕ್ಕೆ ಬರುತ್ತದೆಯೋ ಆ ಇಡೀ ಪ್ರದೇಶವೇ ನಿಮ್ಮ ಕಿರು ಜಲಾನಯನ. ನಿಮ್ಮ ಸಂಘದ ವ್ಯಾಪ್ತಿಯೂ ಅದೇ ಆಗಬೇಕು, ಬಡಾವಣೆಯ ಕಾಂಪೌಂಡು ಆಗಬಾರದು.

ನೀರು ನುಗ್ಗುವುದೂ ಬೋರ್‌ವೆಲ್ ಬತ್ತುವುದೂ ಎರಡು ಬೇರೆ ತೊಂದರೆಗಳೆಂದು ಜನ ತಿಳಿಯುತ್ತಾರೆ. ಸ್ವಲ್ಪ ಲೆಕ್ಕ ಹಾಕೋಣ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಲೀಟರ್ ನೀರು. 30-40ರ ಒಂದು ಸೈಟು ಸುಮಾರು 111 ಚದರ ಮೀಟರ್. ಸೆಪ್ಟೆಂಬರ್ ಸಂಜೆಯೊಂದರಲ್ಲಿ 50 ಮಿಲಿಮೀಟರ್ ಸುರಿದರೆ ಆ ಒಂದು ಸೈಟಿನ ಮೇಲೆ ಐದೂವರೆ ಸಾವಿರ ಲೀಟರಿಗೂ ಹೆಚ್ಚು ನೀರು ಬೀಳುತ್ತದೆ. ಒಂದು ಎಕರೆಗೆ ಎರಡು ಲಕ್ಷ ಲೀಟರ್. ಆ ಎಕರೆಯಲ್ಲಿ ಹುಲ್ಲು, ತಂಗಡಿ ಮತ್ತು ಬಂದರೆ ಎಂಬ ಕುರುಚಲು ಗಿಡಗಳು, ನಾಲ್ಕಾರು ಹೊಂಗೆ ಇದ್ದಾಗ ನೀರಿನ ದೊಡ್ಡ ಪಾಲು ತರಗೆಲೆಯಲ್ಲಿ ನಿಂತು, ಬೇರಿನ ಗುಂಟ ಇಳಿದು, ಉಳಿದದ್ದು ನಿಧಾನವಾಗಿ ಹಳ್ಳಕ್ಕೆ ಬರುತ್ತಿತ್ತು. ಈಗ ಆರ್‌ಸಿಸಿ ಚಾವಣಿ, ಸಿಮೆಂಟು ರಸ್ತೆ, ಟೈಲ್ಸ್ ಹಾಕಿದ ಅಂಗಳ. ಇಳಿಯಲು ಜಾಗವಿಲ್ಲದ ನೀರು ಒಮ್ಮೆಲೇ ಕೆಳಗಿನ ಬೀದಿಗೆ ಓಡುತ್ತದೆ. ಹಾಗೆ ಓಡಿಹೋದ ನೀರೇ ಏಪ್ರಿಲ್‌ನಲ್ಲಿ ನಿಮ್ಮ ಬೋರ್‌ವೆಲ್‌ನಲ್ಲಿ ಇರಬೇಕಾಗಿದ್ದ ನೀರು. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ ಬೀಳುವ, ಅದರಲ್ಲಿಯೂ ದೊಡ್ಡ ಪಾಲು ಸೆಪ್ಟೆಂಬರ್-ಅಕ್ಟೋಬರ್‌ನ ಕೆಲವೇ ದಿನಗಳಲ್ಲಿ ಸುರಿದುಹೋಗುವ ಊರಿಗೆ ಇದು ದೊಡ್ಡ ನಷ್ಟ.

ಈ ನಷ್ಟ ನಗರದವರಿಗೆ ಕಾಣದಿರಲು ಒಂದು ಕಾರಣವಿದೆ. ನಿಮ್ಮ ನಲ್ಲಿಯ ನೀರು ವಾಣಿವಿಲಾಸ ಸಾಗರದಿಂದ, ಶಾಂತಿಸಾಗರದಿಂದ ಪೈಪಿನಲ್ಲಿ ಬರುತ್ತದೆ. ಎದುರಿಗಿರುವ ಬೆಟ್ಟಕ್ಕೂ ನಮ್ಮ ಬಿಂದಿಗೆಗೂ ಸಂಬಂಧ ಕಡಿದುಹೋಗಿದೆ. ಹಿಂದೆ ಹೀಗಿರಲಿಲ್ಲ. ಚಂದ್ರವಳ್ಳಿಯ ಭೈರವೇಶ್ವರ ಗುಡಿಯ ಬಳಿಯ ಬಂಡೆಯ ಮೇಲೆ ಕದಂಬರ ಮಯೂರಶರ್ಮನ ನಾಲ್ಕನೆಯ ಶತಮಾನದ ಶಾಸನವಿದೆ. ಅದು ಹೇಳುವುದು ಕೆರೆ ಕಟ್ಟಿಸಿದ ಸಂಗತಿಯನ್ನು. ಕೋಟೆಗೆ ಹೋದವರು ಒನಕೆ ಓಬವ್ವನ ಕಿಂಡಿ ನೋಡಿ ಬರುತ್ತಾರೆ. ಮುಂದಿನ ಸಲ ಗೋಪಾಲಸ್ವಾಮಿ ಹೊಂಡ, ಅಕ್ಕ-ತಂಗಿಯರ ಹೊಂಡಗಳ ಬಳಿಯೂ ನಿಂತು ನೋಡಿ. ಮೇಲಿನ ಬಂಡೆಗಳ ಮಳೆನೀರು ಅಲ್ಲಿ ತುಂಬಿ, ಹೆಚ್ಚಾದದ್ದು ಕೆಳಗಿನ ಸಿಹಿನೀರು ಹೊಂಡ, ಸಂತೆ ಹೊಂಡಗಳತ್ತ ಇಳಿಯುವ ಹಾಗೆ ಪಾಳೆಯಗಾರರ ಕಾಲದಲ್ಲಿ ವ್ಯವಸ್ಥೆ ಮಾಡಿದ್ದರು. ಮೇಲಿನ ಹೊಂಡ ಹಾಳಾದರೆ ಕೆಳಗಿನವರಿಗೆ ನೀರಿಲ್ಲ ಎಂಬುದು ಆಗ ಎಲ್ಲರ ಕಣ್ಣಿಗೆ ಬೀಳುತ್ತಿತ್ತು. ಈಗ ಅದೇ ನಗರದ ಚರಂಡಿ ನೀರು ಮಲ್ಲಾಪುರ ಕೆರೆ ಸೇರುತ್ತಿದೆ, ಕೆರೆ ದಂಡೆಯ ಜನ ಮೂಗು ಮುಚ್ಚಿಕೊಂಡು ಬದುಕುತ್ತಿದ್ದಾರೆ. ಮೇಲಿನವರಿಗೆ ಅದು ಕಾಣುವುದಿಲ್ಲ.

ಇನ್ನು ‘ಎಲ್ಲರನ್ನೂ ಒಟ್ಟಿಗೆ ತರುವುದು ಸಾಧ್ಯವೇ’ ಎಂಬ ನಿಮ್ಮ ಮುಖ್ಯ ಪ್ರಶ್ನೆ. ಸಾಧ್ಯ. ಆದರೆ ಸಭೆ ಕರೆದು, ಪರಿಸರದ ಮಹತ್ವ ವಿವರಿಸಿ, ಪ್ರತಿಜ್ಞೆ ಮಾಡಿಸಿದರೆ ಆಗುವ ಕೆಲಸವಲ್ಲ. ಮೇಲಿನವರು ಏನನ್ನಾದರೂ ಬಿಟ್ಟುಕೊಡಬೇಕಾದರೆ ಕೆಳಗಿನವರು ಏನನ್ನಾದರೂ ಕೊಡಬೇಕು. ಇಂಥ ಕೊಡುಕೊಳ್ಳುವಿಕೆ ಇಲ್ಲದ ಸಹಭಾಗಿತ್ವ ಮೊದಲ ಬೇಸಿಗೆಯನ್ನೂ ದಾಟುವುದಿಲ್ಲ.

ಇದಕ್ಕೆ ನಮ್ಮ ದೇಶದಲ್ಲಿಯೇ ಒಳ್ಳೆಯ ಉದಾಹರಣೆ ಇದೆ, ಸ್ವಲ್ಪ ವಿವರವಾಗಿ ಹೇಳುತ್ತೇನೆ. ಚಂಡೀಗಡ ನಗರಕ್ಕೆಂದು 1958ರಲ್ಲಿ ಸುಖ್ನಾ ಕೆರೆ ಕಟ್ಟಿದರು. ಕೆಲವೇ ವರ್ಷಗಳಲ್ಲಿ ಅದು ಹೂಳಿನಿಂದ ತುಂಬತೊಡಗಿತು. ಹೂಳು ತೆಗೆಯಲು ಹಣ ಸುರಿದದ್ದೇ ಬಂತು. ಕೇಂದ್ರ ಸರ್ಕಾರದ ಮಣ್ಣು ಮತ್ತು ನೀರು ಸಂರಕ್ಷಣಾ ಸಂಸ್ಥೆಯ ವಿಜ್ಞಾನಿ ಪಿ.ಆರ್. ಮಿಶ್ರಾ ಮತ್ತು ಅವರ ಸಂಗಡಿಗರು ಹೂಳಿನ ಜಾಡು ಹಿಡಿದು ಮೇಲಕ್ಕೆ ಹೋದರು. ಅದು ಶಿವಾಲಿಕ್ ಬೆಟ್ಟದ ಬುಡದ ಸುಖೋಮಜರಿ ಎಂಬ ಪುಟ್ಟ ಹಳ್ಳಿಯ ಸುತ್ತಲಿನ ಬೋಳು ಗುಡ್ಡಗಳಿಂದ ಬರುತ್ತಿತ್ತು. ಹಳ್ಳಿಯವರಿಗೆ ನೀರಾವರಿ ಇರಲಿಲ್ಲ. ಮಳೆಯ ಬೆಳೆ ಕೈಕೊಟ್ಟರೆ ಆಡು-ದನಗಳೇ ಆಧಾರ, ಅವುಗಳಿಗೆ ಗುಡ್ಡವೇ ಆಧಾರ. ‘ಗುಡ್ಡದಲ್ಲಿ ಮೇಯಿಸಬೇಡಿ’ ಎಂದರೆ ಅವರು ಕೇಳುವುದಾದರೂ ಹೇಗೆ? 1976ರಲ್ಲಿ ಹಳ್ಳಿಯ ಬಳಿ ಒಂದು ಸಣ್ಣ ಮಣ್ಣಿನ ಒಡ್ಡು ಕಟ್ಟಿದರು. ಅದರಲ್ಲಿ ನಿಂತ ಮಳೆನೀರು ಹೊಲಗಳಿಗೆ ಹರಿದಾಗ ಬೆಳೆ ಹೆಚ್ಚಿತು. ಒಡ್ಡಿನಲ್ಲಿ ಹೂಳು ತುಂಬದಿರಬೇಕಾದರೆ ಗುಡ್ಡದಲ್ಲಿ ಹುಲ್ಲು-ಮರ ಇರಬೇಕು ಎಂಬುದು ಆಗ ಅವರದೇ ಲೆಕ್ಕಾಚಾರವಾಯಿತು. ತಂತಿಬೇಲಿ ಇಲ್ಲದೆಯೇ ಗುಡ್ಡದ ಮೇಯಿಸುವಿಕೆ ನಿಂತಿತು. ಆಡುಗಳು ಕಡಿಮೆಯಾಗಿ, ಕಟ್ಟಿ ಮೇಯಿಸುವ ಎಮ್ಮೆಗಳು ಹೆಚ್ಚಾದವು. ಹುಲ್ಲು ಮಾರಿ ಸಂಘಕ್ಕೆ ಆದಾಯವೂ ಬಂತು.

ಇದರಲ್ಲಿ ನನಗೆ ಬಹಳ ಹಿಡಿಸುವುದು ನೀರಿನ ಹಂಚಿಕೆಯ ಕ್ರಮ. ಭೂಮಿ ಇಲ್ಲದ ಮನೆಗಳಿಗೂ ನೀರಿನಲ್ಲಿ ಪಾಲು ಕೊಟ್ಟರು, ಬೇಕಿದ್ದರೆ ಅವರು ಅದನ್ನು ಮಾರಿಕೊಳ್ಳಬಹುದಾಗಿತ್ತು. ಯಾಕೆಂದರೆ ಗುಡ್ಡವನ್ನು ಹೆಚ್ಚು ಅವಲಂಬಿಸಿದ್ದವರು ಅವರೇ. ಅವರನ್ನು ಬಿಟ್ಟು ಹೊಲ ಇದ್ದವರಿಗಷ್ಟೇ ನೀರು ಕೊಟ್ಟಿದ್ದರೆ ಒಪ್ಪಂದ ಒಂದು ವರ್ಷವೂ ನಿಲ್ಲುತ್ತಿರಲಿಲ್ಲ. ಮುಂದಿನ ವರ್ಷಗಳಲ್ಲಿ ಒಡ್ಡುಗಳಲ್ಲಿ ಹೂಳು ಸೇರಿದ್ದು, ಹುಲ್ಲಿನ ಆದಾಯದಲ್ಲಿ ಸರ್ಕಾರಕ್ಕೆಷ್ಟು ಹಳ್ಳಿಗೆಷ್ಟು ಎಂಬ ತಕರಾರು ಎದ್ದದ್ದು ಇವೆಲ್ಲ ನಡೆದವು. ಆದ್ದರಿಂದ ಅದನ್ನು ಕಣ್ಣಿಗೊತ್ತಿಕೊಳ್ಳಬೇಕೆಂದು ಹೇಳುತ್ತಿಲ್ಲ. ಕೆರೆಯನ್ನು ಕಾಯುವ ಕೆಲಸ ಕೆರೆಯ ದಂಡೆಯಲ್ಲಿ ಆರಂಭವಾಗುವುದಿಲ್ಲ ಎಂಬುದಕ್ಕೆ ಮಾತ್ರ ಅದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ. ನ್ಯೂಯಾರ್ಕ್ ನಗರವೂ 1997ರಲ್ಲಿ ಇದೇ ಜಾಡಿನ ಒಪ್ಪಂದ ಮಾಡಿಕೊಂಡಿತು. ಭಾರಿ ವೆಚ್ಚದ ಶುದ್ಧೀಕರಣ ಘಟಕದ ಬದಲು, ತನ್ನ ನೀರು ಹುಟ್ಟುವ ಕ್ಯಾಟ್‌ಸ್ಕಿಲ್ ಬೆಟ್ಟಗಳ ರೈತರಿಗೂ ಕಾಡಿಗೂ ಹಣ ಹಾಕಿತು.

ಈಗ ನಿಮ್ಮ ಹಳ್ಳಕ್ಕೆ ಬರೋಣ. ಮೊದಲ ಕೆಲಸ ನಡಿಗೆ. ಒಂದು ಭಾನುವಾರ ಬೆಳಿಗ್ಗೆ ನಾಲ್ಕೈದು ಜನ ಹೊರಟು, ಹಳ್ಳದ ಗುಂಟ ಬೆಟ್ಟದ ಕಡೆಯಿಂದ ಕೆರೆಯವರೆಗೆ ನಡೆಯಿರಿ. ಕೈಯಲ್ಲಿ ಗ್ರಾಮ ನಕ್ಷೆಯ ಪ್ರತಿ ಇರಲಿ, ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ಇರಲಿ. ನೀವು ನಿಂತ ಜಾಗ ಯಾವ ಸರ್ವೆ ನಂಬರು, ಹಳ್ಳ ನಕ್ಷೆಯಲ್ಲಿ ಎಲ್ಲಿದೆ ಎಂಬುದನ್ನು ಅದು ತೋರಿಸುತ್ತದೆ. ಉಳಿದಿರುವ ಒಂದೊಂದು ಮರವನ್ನೂ ಬರೆದುಕೊಳ್ಳಿ. ಜಾತಿ ಯಾವುದು, ಎದೆಯೆತ್ತರದಲ್ಲಿ ಸುತ್ತಳತೆ ಎಷ್ಟು, ಯಾರ ಜಾಗದಲ್ಲಿದೆ, ಬುಡಕ್ಕೆ ಏನಾಗಿದೆ. ಬುಡದ ಬಗ್ಗೆ ವಿಶೇಷವಾಗಿ ಹೇಳುತ್ತಿದ್ದೇನೆ. ನಮ್ಮ ಊರುಗಳಲ್ಲಿ ಬೇವಿನ ಮರದ ಕಾಂಡಕ್ಕೆ ಒತ್ತಿಕೊಂಡೇ ಸಿಮೆಂಟು ಹಾಕಿರುವುದನ್ನು ಬೀದಿ ಬೀದಿಯಲ್ಲಿ ಕಾಣಬಹುದು. ತೊಗಟೆ ಸಿಮೆಂಟಿನ ಅಂಚಿನ ಮೇಲೆ ಉಬ್ಬಿಕೊಂಡು ಬಂದಿರುತ್ತದೆ, ಅದರ ಕೆಳಗೆ ತೇವ ನಿಂತು ಕೊಳೆತಿರುತ್ತದೆ. ಅಂಥ ಮರ ಒಂದು ಗಾಳಿಗೆ ಉರುಳಿದಾಗ ‘ಹಳೆಯ ಮರ, ಅಪಾಯಕಾರಿ’ ಎಂದು ಪಕ್ಕದ ಆರೋಗ್ಯವಾದ ಮರವನ್ನೂ ಕಡಿಯುತ್ತಾರೆ. ಸುತ್ತ ಮೂರಡಿ ಸಿಮೆಂಟು ಒಡೆದು ಮಣ್ಣು ಬಿಡಿಸಿಕೊಟ್ಟರೆ ಮರವೂ ಉಸಿರಾಡುತ್ತದೆ, ಆ ಬೀದಿಯ ಒಂದಿಷ್ಟು ನೀರೂ ಇಂಗುತ್ತದೆ. ನಗರಸಭೆಯ ವಾರ್ಡ್ ಎಂಜಿನಿಯರ್ ಒಪ್ಪಿದರೆ ಒಂದು ದಿನದ ಕೆಲಸ. ಐನೂರು ಸಸಿ ನೆಡುವುದಕ್ಕಿಂತ ಇಂಥ ಐವತ್ತು ಮರಗಳ ಬುಡ ಬಿಡಿಸುವುದು ಮೇಲೆಂದು ನಾನು ನಂಬುತ್ತೇನೆ. ದೊಡ್ಡ ಹೊಂಗೆಯೊಂದು ಇಂದು ಮಾಡುವ ಕೆಲಸವನ್ನು ಸಸಿ ಮಾಡಲು ಇಪ್ಪತ್ತು ವರ್ಷ ಬೇಕು, ಅದೂ ಬದುಕಿದರೆ.

ಈ ಪಟ್ಟಿ ನಿಮ್ಮ ಕೈಯಲ್ಲಿರುವ ಅಸ್ತ್ರವೂ ಹೌದು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ನಗರ ಪ್ರದೇಶದಲ್ಲಿ ಮರ ಕಡಿಯಲು, ವಿನಾಯಿತಿ ಪಡೆದ ಕೆಲವು ಜಾತಿಗಳನ್ನು ಬಿಟ್ಟರೆ, ವೃಕ್ಷಾಧಿಕಾರಿಯ ಅನುಮತಿ ಬೇಕು. ಸ್ವಂತ ಸೈಟಿನ ಮರವಾದರೂ ಬೇಕು, ಸರ್ಕಾರಿ ಕಾಮಗಾರಿಯಾದರೂ ಬೇಕು. ಸಾರ್ವಜನಿಕ ಕಾಮಗಾರಿಗೆ 50ಕ್ಕಿಂತ ಹೆಚ್ಚು ಮರ ಕಡಿಯುವುದಾದರೆ ಮೊದಲು ಪ್ರಕಟಣೆ ಹೊರಡಿಸಿ ಜನರ ಆಕ್ಷೇಪಣೆ ಕೇಳಬೇಕು. ಆಕ್ಷೇಪಣೆಗೆ ಸಿಗುವ ಕಾಲಾವಕಾಶ ಕೆಲವೇ ದಿನ. ಆಗ ಓಡಾಡಿ ಮಾಹಿತಿ ಕಲೆಹಾಕಲು ಆಗುವುದಿಲ್ಲ. ಮರಗಳ ಪಟ್ಟಿ ಮೊದಲೇ ಸಿದ್ಧವಿದ್ದರೆ ‘ಈ ಹನ್ನೆರಡು ಮರ ರಸ್ತೆಯ ಅಂಚಿನಲ್ಲಿವೆ, ಚರಂಡಿಯನ್ನು ಎರಡಡಿ ಆಚೆ ಸರಿಸಿದರೆ ಉಳಿಯುತ್ತವೆ’ ಎಂದು ಬರೆದುಕೊಡಬಹುದು. ‘ಮರ ಕಡಿಯಬೇಡಿ’ ಎಂಬ ಮನವಿಯನ್ನು ಕಡತಕ್ಕೆ ಹಾಕಿ ಮರೆಯುವುದು ಸುಲಭ, ನಕ್ಷೆಯ ಮೇಲೆ ಗುರುತು ಮಾಡಿದ ಸಲಹೆಗೆ ಅಧಿಕಾರಿ ಉತ್ತರ ಕೊಡಲೇಬೇಕಾಗುತ್ತದೆ. ಅನುಮತಿ ಪತ್ರದ ಪ್ರತಿಯನ್ನು ಮಾಹಿತಿ ಹಕ್ಕಿನಡಿ ಪಡೆಯಬಹುದು. ಅನುಮತಿ ಇಲ್ಲದೆ ಕಡಿಯುತ್ತಿದ್ದರೆ ಅರಣ್ಯ ಇಲಾಖೆಗೆ ಆ ಕ್ಷಣವೇ ಫೋಟೊ ಸಮೇತ ತಿಳಿಸಿ. ಕಡಿದ ಮೇಲೆ ಬರೆದ ಪತ್ರದಿಂದ ದಂಡ ಬೀಳಬಹುದು, ಮರ ಮರಳುವುದಿಲ್ಲ.

ಹಳ್ಳದ ದಡ ಯಾರದು ಎಂಬ ಪ್ರಶ್ನೆ ಇದಕ್ಕಿಂತ ತೊಡಕಿನದು. ಕಂದಾಯ ದಾಖಲೆಗಳಲ್ಲಿ ಹಳ್ಳ ಸಾಮಾನ್ಯವಾಗಿ ಬಿ ಖರಾಬು, ಅಂದರೆ ಸಾರ್ವಜನಿಕರ ಬಳಕೆಗೆ ಮೀಸಲಾದ ಜಾಗ. ಬಡಾವಣೆ ಆಗುವಾಗ ಅದನ್ನು ಮೋರಿಯಷ್ಟು ಕಿರಿದಾಗಿಸಿ ಉಳಿದದ್ದನ್ನು ಸೈಟಿಗೆ ಸೇರಿಸಿಕೊಳ್ಳುವ ಚಾಳಿ ಎಲ್ಲ ಊರುಗಳಲ್ಲಿಯೂ ಇದೆ. ತಹಶೀಲ್ದಾರರಿಗೆ ಅರ್ಜಿ ಕೊಟ್ಟು ಹಳ್ಳದ ಹದ್ದುಬಸ್ತು, ಅಂದರೆ ಅಳತೆ ಮಾಡಿ ಗಡಿ ಗುರುತಿಸುವ ಕೆಲಸ, ಮಾಡಿಸಿ. ಈ ಹಂತದಲ್ಲಿ ನಿಮ್ಮ ಬಡಾವಣೆಯ ಒಂದೆರಡು ಕಾಂಪೌಂಡುಗಳೂ ಹಳ್ಳದೊಳಗೆ ಬಂದಿರುವುದು ಗೊತ್ತಾಗಬಹುದು. ಅದಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡೇ ಹೊರಡಿ. ನಿಮ್ಮವರ ಒತ್ತುವರಿಗೆ ಕಣ್ಣು ಮುಚ್ಚಿ ಕೆಳಗಿನ ರೈತನ ಒತ್ತುವರಿ ತೋರಿಸಿದರೆ ಸಂಘದ ಮಾತಿಗೆ ಆ ದಿನವೇ ಬೆಲೆ ಹೋಗುತ್ತದೆ. ಗಡಿಕಲ್ಲು ನೆಟ್ಟ ಮೇಲೆ ದಡದ ಜಾಗ ನೆಡುತೋಪಿಗೆ ಸಿಗುತ್ತದೆ. ನಿಮ್ಮ ಸಸಿಗಳ ನಿಜವಾದ ಜಾಗ ಅದೇ.

ಬೆಟ್ಟದ ಮೇಲೆ ಯಾಕೆ ಬೇಡ ಎನ್ನುತ್ತಿದ್ದೇನೆ? ಎರಡು ಕಾರಣಗಳಿವೆ. ಜೋಗಿಮಟ್ಟಿ 2015ರಲ್ಲಿ ವನ್ಯಜೀವಿ ಧಾಮವೆಂದು ಘೋಷಣೆಯಾದ ಕಾಡು. ಅಲ್ಲಿ ಇಲಾಖೆಯ ಅನುಮತಿ ಇಲ್ಲದೆ ಗುಂಡಿ ತೋಡುವಂತಿಲ್ಲ. ಎರಡನೆಯ ಕಾರಣ ಇದಕ್ಕಿಂತ ದೊಡ್ಡದು, ಆ ಕಾಡಿಗೆ ನಿಮ್ಮ ಸಸಿ ಬೇಕಾಗಿಲ್ಲ. ಬೇಸಿಗೆಯಲ್ಲಿ ಬೋಳಾಗಿ ಕಾಣುವುದರಿಂದ ‘ಕಾಡು ನಾಶವಾಗಿದೆ’ ಎಂದು ಹೊರಗಿನವರು ಅಂದುಕೊಳ್ಳುತ್ತಾರೆ. ಎಲೆ ಉದುರಿಸಿ ನೀರು ಉಳಿಸಿಕೊಳ್ಳುವುದು ಈ ಒಣಕಾಡಿನ ಸ್ವಭಾವ. ಬೋಳು ಇಳಿಜಾರೊಂದರ ಬಳಿ ಹೋಗಿ ಕುಳಿತು ನೋಡಿ. ಹುಲ್ಲಿನ ನಡುವೆ ಮೊಣಕಾಲೆತ್ತರದ ಪೊದೆಯಂತೆ ಕಾಣುವುದು ಎಷ್ಟೋ ಸಲ ದಿಂಡಿಗ ಮರದ ಹಳೆಯ ಬೊಡ್ಡೆಯಾಗಿರುತ್ತದೆ. ಕಡಿತಕ್ಕೆ, ಬೆಂಕಿಗೆ, ಆಡಿನ ಬಾಯಿಗೆ ಸಿಕ್ಕಿ ಪ್ರತಿ ವರ್ಷ ಚಿಗುರಿ ಪ್ರತಿ ವರ್ಷ ಮೊಟಕಾಗಿ ಅಲ್ಲಿಯೇ ನಿಂತಿರುತ್ತದೆ. ಮಣ್ಣಿನ ಕೆಳಗೆ ಅದರ ಬೇರು ದಶಕಗಳಷ್ಟು ಹಳೆಯದು. ಅದನ್ನು ನಾಲ್ಕೈದು ವರ್ಷ ಬೆಂಕಿಯಿಂದ ಕಾದರೆ ಸಾಕು, ಯಾರೂ ನೀರೆರೆಯದೆ ತಲೆಯೆತ್ತರ ಮೀರಿ ಬೆಳೆಯುತ್ತದೆ. ಅದರ ಪಕ್ಕದಲ್ಲಿ ಬಂಡೆ-ಗರಸಿನಲ್ಲಿ ಗುಂಡಿ ತೋಡಿ ನರ್ಸರಿಯ ಸಸಿ ಇಟ್ಟರೆ ಮಾರ್ಚಿಗೆ ಕಡ್ಡಿಯಾಗುತ್ತದೆ, ಗುಂಡಿ ತೋಡುವಾಗ ಆ ಬೊಡ್ಡೆಯ ಬೇರಿಗೂ ಪೆಟ್ಟು ಬೀಳುತ್ತದೆ. ಕಮರ, ಉದಿ, ಕಕ್ಕೆ ಎಲ್ಲಕ್ಕೂ ಇದೇ ಮಾತು. ಆಡು ಮುಟ್ಟದ ತಂಗಡಿ, ಬಂದರೆ ಪೊದೆಗಳ ಮರೆಯಲ್ಲಿ ಬೇರೆ ಗಿಡಗಳ ಮೊಳಕೆಗಳೂ ಬಚಾವಾಗುತ್ತವೆ. ಆದ್ದರಿಂದ ‘ಕುರುಚಲು ಸವರಿ ಗಿಡ ನೆಡೋಣ’ ಎಂಬ ಮಾತು ನಿಮ್ಮ ಗುಂಪಿನಲ್ಲಿ ಯಾರಿಂದ ಬಂದರೂ ದಯವಿಟ್ಟು ಒಪ್ಪಬೇಡಿ.

ಬೆಟ್ಟಕ್ಕೆ ನಿಮ್ಮಿಂದ ಬೇಕಾಗಿರುವುದು ಬೆಂಕಿಯಿಂದ ರಕ್ಷಣೆ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಒಣಹುಲ್ಲು ಒಂದು ಬೀಡಿಯ ಕಿಡಿಗೆ ಹೊತ್ತಿಕೊಳ್ಳುತ್ತದೆ. ಅರಣ್ಯ ರಕ್ಷಕರು ಕೆಲವೇ ಮಂದಿ, ಬೆಟ್ಟಸಾಲು ದೊಡ್ಡದು. ವಲಯ ಅರಣ್ಯಾಧಿಕಾರಿಯನ್ನು ಜನವರಿಯಲ್ಲಿಯೇ ಭೇಟಿಯಾಗಿ, ಬಡಾವಣೆಯ ಕಡೆಯ ಅಂಚಿನಲ್ಲಿ ಬೆಂಕಿ ರೇಖೆ (ಬೆಂಕಿ ದಾಟದಂತೆ ಹುಲ್ಲು ತೆಗೆದ ಪಟ್ಟಿ) ಮಾಡುವಾಗ ಕೈಜೋಡಿಸುತ್ತೇವೆ, ಸಂಜೆ ಹೊತ್ತು ಮಹಡಿಯಿಂದ ಹೊಗೆ ಕಂಡ ಕೂಡಲೇ ಫೋನ್ ಮಾಡುತ್ತೇವೆ ಎಂದು ಹೇಳಿ. ಬೆಂಕಿ ಆರಿಸಲು ನೀವೇ ನುಗ್ಗಬೇಡಿ, ಅದು ತರಬೇತಿ ಇದ್ದವರ ಕೆಲಸ. ಕಸವನ್ನು ಕಾಡಂಚಿಗೆ ಸುರಿದು ಸುಡುವುದನ್ನು ನಿಮ್ಮ ಬಡಾವಣೆಯಲ್ಲಿ ನಿಲ್ಲಿಸಿದರೆ ಅದೇ ಅರ್ಧ ಕೆಲಸ.

ಕುರಿ ಮೇಯಿಸುವವರನ್ನು ನೀವು ಪಟ್ಟಿಯ ಕೊನೆಯಲ್ಲಿ ಹೆಸರಿಸಿದ್ದೀರಿ. ನಾನಾದರೆ ಮೊದಲು ಮಾತನಾಡುವುದು ಅವರೊಂದಿಗೆ. ಚಿತ್ರದುರ್ಗ ಸೀಮೆಯಲ್ಲಿ ಕಾಡುಗೊಲ್ಲರ ಹಟ್ಟಿಗಳೂ ಮ್ಯಾಸಬೇಡರ ಹಟ್ಟಿಗಳೂ ಪಶುಪಾಲನೆಯೊಂದಿಗೇ ಬೆಳೆದು ಬಂದವು, ದೇವರ ಎತ್ತುಗಳನ್ನು ಇಂದಿಗೂ ಸಾಕಿಕೊಂಡು ಬಂದವರು ಈ ಜನ. ಯಾವ ಇಳಿಜಾರಿನಲ್ಲಿ ಮೊದಲು ಹುಲ್ಲು ಬರುತ್ತದೆ, ಯಾವ ಕೊರಕಲು ಹೋದ ವರ್ಷಕ್ಕಿಂತ ಆಳವಾಗಿದೆ, ಯಾವ ಒರತೆಯಲ್ಲಿ ಶಿವರಾತ್ರಿಯವರೆಗೆ ನೀರು ನಿಲ್ಲುತ್ತದೆ ಎಂಬುದು ಅವರಿಗೆ ಗೊತ್ತಿರುವಷ್ಟು ಯಾವ ಉಪಗ್ರಹ ಚಿತ್ರಕ್ಕೂ ಗೊತ್ತಿಲ್ಲ. ಸೀತಾಫಲದ ಕಾಲದಲ್ಲಿ ಬುಟ್ಟಿ ಹೊತ್ತು ಇಳಿಯುವ ಹೆಣ್ಣುಮಕ್ಕಳೂ ಹಾಗೆಯೇ. ಅವರನ್ನು ಕಳ್ಳರಂತೆ ನೋಡುವ ಸಂಘ ಬೆಟ್ಟ ಕಾಯಲಾರದು. ಬೆಟ್ಟದ ಬುಡದ ಗೋಮಾಳದಲ್ಲಿ ಒಂದು ಭಾಗವನ್ನು ಎರಡು-ಮೂರು ಮಳೆಗಾಲ ಮೇಯಿಸದೆ ಬಿಟ್ಟು, ಅಲ್ಲಿ ಬೆಳೆದ ಹುಲ್ಲನ್ನು ಕೊಯ್ದುಕೊಳ್ಳುವ ಹಕ್ಕು ಅವರಿಗೇ ಇರಲಿ, ಆಮೇಲೆ ಇನ್ನೊಂದು ಭಾಗಕ್ಕೆ ಸರದಿ ಬರಲಿ. ಹುಲ್ಲು ಕೊಯ್ದ ಜಾಗದಲ್ಲಿ ಬೆಂಕಿಗೆ ಮೇವಿರುವುದಿಲ್ಲ. ಪ್ರತಿಯಾಗಿ ಬಡಾವಣೆ ಏನು ಕೊಡುತ್ತದೆ? ಹಟ್ಟಿಯ ಬಳಿ ದನಕರುಗಳಿಗೆ ಒಂದು ನೀರಿನ ತೊಟ್ಟಿ, ಹೊಂಗೆ ಬೀಜಕ್ಕೂ ಸೀತಾಫಲಕ್ಕೂ ಬಡಾವಣೆಯ ಮನೆಗಳಲ್ಲಿಯೇ ನ್ಯಾಯವಾದ ಬೆಲೆಗೆ ಗಿರಾಕಿ, ಅವರ ಮಕ್ಕಳಿಗೆ ಸಂಜೆ ಪಾಠ. ಏನೆಂಬುದನ್ನು ಅವರೇ ಹೇಳಲಿ. ಗೋಮಾಳದ ವಿಷಯ ಗ್ರಾಮ ಪಂಚಾಯಿತಿಯ ಮೂಲಕ ಹೋಗಬೇಕು. ಕಾಡಿನ ಜಾಗವಾದರೆ ಅರಣ್ಯ ಇಲಾಖೆಯ ಗ್ರಾಮ ಅರಣ್ಯ ಸಮಿತಿಯ ಚೌಕಟ್ಟು ಇದೆ, ಕರ್ನಾಟಕದಲ್ಲಿ ಜಂಟಿ ಅರಣ್ಯ ನಿರ್ವಹಣೆಯ ಆದೇಶ ಬಂದದ್ದು 1993ರಲ್ಲಿ. ಸಮಿತಿ ಕಾಗದದ ಮೇಲಷ್ಟೇ ಉಳಿದಿದ್ದರೆ ಅದನ್ನು ಎಬ್ಬಿಸುವುದು ಹೊಸ ಸಂಘ ಕಟ್ಟುವುದಕ್ಕಿಂತ ಸುಲಭ.

ಕೆರೆ ಕೆಳಗಿನ ರೈತರ ವಿಷಯದಲ್ಲಿ ನಿಮಗೆ ಅನುಕೂಲವಿದೆ. 2001ರಲ್ಲಿ ಆರಂಭವಾದ ಸುಜಲ ಜಲಾನಯನ ಯೋಜನೆಯ ಮೊದಲ ಐದು ಜಿಲ್ಲೆಗಳಲ್ಲಿ ಚಿತ್ರದುರ್ಗವೂ ಒಂದು. ಆದ್ದರಿಂದ ಬದು, ಕೃಷಿ ಹೊಂಡ, ನೆತ್ತಿಯಿಂದ ಬುಡದ ಕಡೆಗೆ ಕೆಲಸ ಮಾಡುವ ಕ್ರಮ ಇವು ಈ ಜಿಲ್ಲೆಯ ಹಿರಿಯ ರೈತರಿಗೆ ಹೊಸವಲ್ಲ. ಅವರ ದೂರು ಬೇರೆ, ‘ನಿಮ್ಮ ಬಡಾವಣೆಯ ಕೊಳಚೆ ನಮ್ಮ ಕೆರೆಗೆ ಬರುತ್ತದೆ’. ಆ ದೂರು ನ್ಯಾಯವಾದದ್ದು. ಮಳೆನೀರಿನ ಕಾಲುವೆಗೆ ಮನೆಯ ಶೌಚದ ಪೈಪು ಸೇರಿಸಿದವರು ನಿಮ್ಮಲ್ಲಿ ಎಷ್ಟು ಮನೆ ಎಂದು ಎಣಿಸಿ, ಅದನ್ನು ತಪ್ಪಿಸುತ್ತೇವೆ ಎಂಬ ಮಾತಿನೊಂದಿಗೆ ಅವರ ಬಳಿ ಹೋಗಿ. ಹೊಲದ ಬದುಗಳಲ್ಲಿ ಮರ ಬೆಳೆಸಲು ಅವರಿಗೆ ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ ಇದೆ, ಬದುಕುಳಿದ ಸಸಿಯ ಲೆಕ್ಕಕ್ಕೆ ಮೂರು ವರ್ಷ ಹಣ ಬರುತ್ತದೆ. ನೆಟ್ಟದ್ದಕ್ಕಲ್ಲದೆ ಉಳಿದದ್ದಕ್ಕೆ ಹಣ ಕೊಡುವ ಈ ಕ್ರಮ ನನಗೆ ಬಹಳ ಇಷ್ಟ, ನಿಮ್ಮ ದಾನಿಗೂ ಇದನ್ನೇ ಸೂಚಿಸಿ.

ನಗರಸಭೆಯಲ್ಲಿ ಒಂದು ಬಾಗಿಲು ಹೆಚ್ಚು ಜನ ತಟ್ಟುವುದಿಲ್ಲ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಸ್ಥಳೀಯ ಸಂಸ್ಥೆಯಲ್ಲಿಯೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಆ ಊರಿನ ಗಿಡ-ಮರ, ಪ್ರಾಣಿಗಳನ್ನು ಬರೆದಿಡುವ ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. ನಿಮ್ಮ ಹಳ್ಳದ ಮರಗಳ ಪಟ್ಟಿಯನ್ನು ಆ ದಾಖಲಾತಿಗೆ ಸೇರಿಸಲು ಲಿಖಿತವಾಗಿ ಕೇಳಿ. ದೇವನಹಳ್ಳಿ ಬಳಿಯ ನಲ್ಲೂರಿನ ಹುಣಸೆ ತೋಪು ಇದೇ ಕಾಯ್ದೆಯಡಿ 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. ನಗರದ ಮಹಾಯೋಜನೆ (ಮಾಸ್ಟರ್ ಪ್ಲಾನ್) ಪರಿಷ್ಕರಣೆಗೆ ಬಂದಾಗ ನಗರಾಭಿವೃದ್ಧಿ ಪ್ರಾಧಿಕಾರ ಆಕ್ಷೇಪಣೆ ಕರೆಯುತ್ತದೆ. ಹಳ್ಳದ ದಡವನ್ನು ಹಸಿರು ಪಟ್ಟಿಯೆಂದು ತೋರಿಸಿರಿ ಎಂದು ಆಗ ಕೇಳದಿದ್ದರೆ ಮುಂದೆ ವರ್ಷಗಟ್ಟಲೆ ಕಾಯಬೇಕು.

ಒಂದು ಎಚ್ಚರಿಕೆಯ ಮಾತು. ‘ಮರ ಹೆಚ್ಚಿದಷ್ಟೂ ನೀರು ಹೆಚ್ಚು’ ಎಂದು ಯಾರಿಗೂ ಭರವಸೆ ಕೊಡಬೇಡಿ. ಮರವೂ ನೀರು ಕುಡಿಯುತ್ತದೆ. ನಮ್ಮಂಥ ಕಡಿಮೆ ಮಳೆಯ ಕಡೆ ಒತ್ತೊತ್ತಾಗಿ ನೆಟ್ಟ ನೀಲಗಿರಿ ಏನು ಮಾಡಿತೆಂಬುದನ್ನು ನೋಡಿಯೇ ಸರ್ಕಾರ 2017ರಲ್ಲಿ ಅದನ್ನು ಹೊಸದಾಗಿ ಬೆಳೆಸುವುದನ್ನು ನಿಷೇಧಿಸಿತು. ನೀರು ಇಂಗಿಸುವುದು ಮುಚ್ಚಿಗೆ ಇರುವ, ತುಳಿದು ಗಟ್ಟಿಯಾಗದ ಮಣ್ಣು. ಆ ಮಣ್ಣನ್ನು ಕಾಯುವುದರಲ್ಲಿ ಹುಲ್ಲಿಗೂ ಮರದಷ್ಟೇ ಪಾಲಿದೆ. ಇದೇ ಕಾರಣಕ್ಕೆ ಚಳ್ಳಕೆರೆ ಕಡೆಯ ಅಮೃತಮಹಲ್ ಕಾವಲುಗಳಂಥ ಹುಲ್ಲುಗಾವಲುಗಳಲ್ಲಿ ಗುಂಡಿ ತೋಡಿ ಗಿಡ ನೆಡುವ ಕಾರ್ಯಕ್ರಮಗಳನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಹುಲ್ಲುಗಾವಲು ಖಾಲಿ ಜಾಗವಲ್ಲ.

ಸಂಘ ಚಿಕ್ಕದಿರಲಿ. ಮೇಲಿನ ಹಟ್ಟಿಯಿಂದ ಇಬ್ಬರು, ಬಡಾವಣೆಯಿಂದ ಮೂವರು, ಕೆರೆ ಕೆಳಗಿನ ರೈತರಲ್ಲಿ ಇಬ್ಬರು, ಹತ್ತಿರದ ಸರ್ಕಾರಿ ಶಾಲೆಯ ಒಬ್ಬ ಶಿಕ್ಷಕರು. ಅರಣ್ಯ ಇಲಾಖೆ, ನಗರಸಭೆಯವರನ್ನು ಕರೆಯಿರಿ, ಆದರೆ ಅವರು ಬಂದರಷ್ಟೇ ಸಭೆ ಎಂದು ಮಾಡಿಕೊಳ್ಳಬೇಡಿ, ವರ್ಗಾವಣೆಯಾದ ದಿನ ಸಂಘವೂ ನಿಲ್ಲುತ್ತದೆ. ತಿಂಗಳಿಗೊಮ್ಮೆ ಸಭೆ ಸೇರಿ, ಒಂದು ಸಲ ಹಟ್ಟಿಯಲ್ಲಿ, ಒಂದು ಸಲ ಕೆರೆ ಏರಿಯ ಮೇಲೆ. ನಡಾವಳಿಯನ್ನು ಒಂದೇ ಪುಸ್ತಕದಲ್ಲಿ ಬರೆದು ಎಲ್ಲರ ಸಹಿ ಹಾಕಿಸಿ. ಶಾಲೆಯಲ್ಲಿ ಒಂದು ಮಳೆಮಾಪಕ ಇಡಿಸಿ, ಮಕ್ಕಳೇ ಬರೆದಿಡಲಿ. ಎರಡು ಬೋರ್‌ವೆಲ್‌ಗಳ ನೀರಿನ ಮಟ್ಟವನ್ನೂ ಬರೆದಿಡುತ್ತ ಹೋದರೆ ನಾಲ್ಕು ವರ್ಷಗಳಲ್ಲಿ ನಿಮ್ಮ ಬಳಿ ಯಾವ ಕಚೇರಿಯಲ್ಲಿಯೂ ಇಲ್ಲದ ಲೆಕ್ಕವಿರುತ್ತದೆ.

ಇನ್ನು ಆ ಐನೂರು ಸಸಿ. ದಾನಿಗೆ ಹೇಳಿ ಈ ವರ್ಷ ಅವುಗಳನ್ನು ನರ್ಸರಿಯಲ್ಲಿಯೇ ದೊಡ್ಡ ಚೀಲಕ್ಕೆ ಬದಲಾಯಿಸಿ ಬೆಳೆಸಲಿ, ಆಳೆತ್ತರದ ಸಸಿಗೆ ಆಡಿನ ಕಾಟ ಕಡಿಮೆ. ಅಷ್ಟರಲ್ಲಿ ಹದ್ದುಬಸ್ತು ಮುಗಿಯಬೇಕು. ಮುಂದಿನ ವರ್ಷ ನೂರನ್ನು ಮಾತ್ರ ತನ್ನಿ. ಹಳ್ಳದ ತೇವದ ದಡಕ್ಕೆ ಹೊಳೆಮತ್ತಿ, ನೇರಳೆ, ಅತ್ತಿ. ಅದರ ಮೇಲಿನ ಸಾಲಿಗೆ ಹೊಂಗೆ. ಬಡಾವಣೆಯ ರಸ್ತೆಗೆ ಬೇವು, ಬಸರಿ. ಉದ್ಯಾನಕ್ಕೆಂದು ಬಿಟ್ಟ ಜಾಗದಲ್ಲಿ ಹುಣಸೆ, ಇಪ್ಪೆ. ಎರಡಡಿ ಗುಂಡಿಯನ್ನು ಮೇ ತಿಂಗಳಲ್ಲಿಯೇ ತೋಡಿ ಬಿಸಿಲಿಗೆ ಬಿಡಿ. ಮೇಲಿನ ಒಳ್ಳೆಯ ಮಣ್ಣನ್ನು ಒಂದು ಕಡೆ, ಗರಸನ್ನು ಇನ್ನೊಂದು ಕಡೆ ಹಾಕಿ, ನೆಡುವಾಗ ಮೇಲ್ಮಣ್ಣನ್ನು ಬೇರಿನ ಸುತ್ತ ತುಂಬಿ, ಗರಸಿನಿಂದ ಇಳಿಜಾರಿನ ಕೆಳಬದಿಗೆ ಅರ್ಧಚಂದ್ರದ ಬದು ಕಟ್ಟಿ. ಮುಂದಿನ ಮಳೆಯ ನೀರು ಅದರಲ್ಲಿ ನಿಲ್ಲುತ್ತದೆ. ಒಂದೊಂದು ಸಸಿಯೂ ಒಂದೊಂದು ಮನೆಯ ಹೆಸರಿನಲ್ಲಿರಲಿ, ಮೊದಲ ಎರಡು ಬೇಸಿಗೆ ವಾರಕ್ಕೆರಡು ಕೊಡ ನೀರು ಆ ಮನೆಯ ಹೊಣೆ. ಆ ನೂರರಲ್ಲಿ ಎರಡನೆಯ ಬೇಸಿಗೆ ದಾಟಿದವನ್ನು ಎಣಿಸಿ. ಎಂಬತ್ತು ಉಳಿದಿದ್ದರೆ ಮುಂದಿನ ನೂರಕ್ಕೆ ದಾನಿಯನ್ನು ಕೇಳಿ. ಉಳಿದಿಲ್ಲವಾದರೆ, ಯಾಕೆ ಉಳಿಯಲಿಲ್ಲ ಎಂದು ಮನೆಮನೆಗೆ ಹೋಗಿ ವಿಚಾರಿಸುವವರೆಗೆ ಹೊಸ ಸಸಿ ತರಿಸಬೇಡಿ.